ಕಾಸರಗೋಡಿನ ವಕೀಲರು ಹಳೆಯ ಕನ್ನಡ ದಸ್ತಾವೇಜು ಓದಲು, ಅರ್ಜಿ ಬರೆಯಲು ಚಾಟ್‌ಜಿಪಿಟಿ ಬಳಸುವುದು ಸರಿಯೇ?

ಬಳಸಬಹುದು. ಆದರೆ ಕೆಳಗೆ ಸಹಿ ಹಾಕುವವರು ನೀವು, ಹೊಣೆಯೂ ನಿಮ್ಮದೇ.

ಮೊದಲು ಗುಟ್ಟಿನ ವಿಷಯ. ಕಕ್ಷಿದಾರ ಹೇಳಿದ್ದನ್ನು ಅವನ ಒಪ್ಪಿಗೆ ಇಲ್ಲದೆ ವಕೀಲರು ಹೊರಗೆ ಬಿಡುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಇದನ್ನೇ ಹೇಳುತ್ತದೆ. ಇಡೀ ದಸ್ತಾವೇಜಿನ ಫೋಟೋ ತೆಗೆದು ಉಚಿತ ಆಪ್‌ಗೆ ಹಾಕಿದರೆ ಅದು ಯಾರದೋ ಸರ್ವರ್ ಸೇರುತ್ತದೆ. ಹೆಸರು, ಊರು, ಸರ್ವೆ ನಂಬರ್ ತೆಗೆದು ಕೇಳಿ. ಊರು ಚಿಕ್ಕದು, ಹೆಸರಿಲ್ಲದಿದ್ದರೂ ತೋಟದ ವಿವರದಿಂದಲೇ ಕಕ್ಷಿದಾರ ಯಾರೆಂದು ಗೊತ್ತಾಗುತ್ತದೆ ಅಲ್ವಾ?

ಈಗ ಕೇರಳದಲ್ಲಿರುವ ಕಾಸರಗೋಡು 1956ಕ್ಕೆ ಮೊದಲು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಇಲ್ಲಿನ ಹಳೆಯ ಜಾಗದ ಕಾಗದಗಳು ಎಷ್ಟೋ ಕನ್ನಡದಲ್ಲಿವೆ. ಕೈಬರಹದ ೬ ಮತ್ತು ೯ ಅದಲು ಬದಲಾದರೆ ಗಡಿಯೇ ತಪ್ಪುತ್ತದೆ. ಆಪ್ ಮಾತ್ರ ಅನುಮಾನವೇ ಇಲ್ಲದಂತೆ ಉತ್ತರ ಕೊಡುತ್ತದೆ! ಮೂಲ ಪ್ರತಿಯನ್ನು ಕನ್ನಡ ಚೆನ್ನಾಗಿ ಬಲ್ಲ ಹಿರಿಯ ಗುಮಾಸ್ತರ ಜೊತೆ ಕೂತು ಸಾಲು ಸಾಲಾಗಿ ಹೋಲಿಸಿ.

ತೀರ್ಪುಗಳ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಇ-ಎಸ್‌ಸಿಆರ್ ತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು. ಸುಮ್ನೆ ಅಲ್ಲಿ ಹುಡುಕಿ. ಸಿಗದಿದ್ದರೆ ಆ ತೀರ್ಪನ್ನು ಅರ್ಜಿಯಲ್ಲಿ ಬರೆಯಬೇಡಿ.

ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ಎಐ (ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆ) ಬಳಕೆಯ ನೀತಿ ತಂದಿದೆ. ಅದು ನ್ಯಾಯಾಧೀಶರು ಮತ್ತು ಸಿಬ್ಬಂದಿಗಾಗಿ ಮಾಡಿದ್ದು. ವಕೀಲರೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.