183 ದಿನ ದಾಟದಿದ್ದರೆ ಆ ದೇಶದಲ್ಲಿ ತೆರಿಗೆ ಇಲ್ಲ ಅಲ್ವಾ?

ಐದು ತಿಂಗಳ ಕಾಂಟ್ರ್ಯಾಕ್ಟ್ ಮೇಲೆ ಬೇರೆ ದೇಶಕ್ಕೆ ಹೊರಟಿದ್ದೀರಿ. 183 ದಿನ ಆಗುವುದಿಲ್ಲ, ಹಾಗಾಗಿ ಅಲ್ಲಿ ತೆರಿಗೆ ಕಟ್ಟಬೇಕಿಲ್ಲ ಅಲ್ವಾ ಎಂದು ಕೇಳಿದ್ದೀರಿ. ನಾನೂ ಮೊದಲ ಸಲ ಇದೇ ನಂಬಿಕೆಯಲ್ಲಿ ಹೋಗಿದ್ದೆ. ಅದು ತಪ್ಪಾಗಿತ್ತು.

183 ಎನ್ನುವುದು ಎಲ್ಲ ಕಡೆ ಒಂದೇ ನಿಯಮವಲ್ಲ. ಅಮೆರಿಕದ ಲೆಕ್ಕ ನೋಡಿ. ಈ ವರ್ಷದ ದಿನಗಳು ಪೂರ್ತಿ, ಹೋದ ವರ್ಷದ್ದು ಮೂರರಲ್ಲಿ ಒಂದು ಪಾಲು, ಅದರ ಹಿಂದಿನ ವರ್ಷದ್ದು ಆರರಲ್ಲಿ ಒಂದು ಪಾಲು. ಮೂರನ್ನೂ ಕೂಡಿ 183 ಮುಟ್ಟಿದರೆ, ಈ ವರ್ಷ 31 ದಿನವಾದರೂ ಅಲ್ಲಿದ್ದರೆ, ಸಾಮಾನ್ಯವಾಗಿ ನೀವು ಅಲ್ಲಿನ ತೆರಿಗೆ ನಿವಾಸಿ, ಅಂದರೆ ತೆರಿಗೆ ಲೆಕ್ಕಕ್ಕೆ ಆ ದೇಶದವರು. ಪ್ರತಿ ವರ್ಷ 120 ದಿನ ಇದ್ದರೆ ಮೊತ್ತ 180. ಬರೀ ಐದು ದಿನ ಜಾಸ್ತಿಯಾಗಿ 125 ಆದರೆ 187 ದಾಟುತ್ತದೆ! ಬ್ರಿಟನ್ನಿನಲ್ಲಿ ಇನ್ನೊಂದು ಥರ. ಮನೆ, ಕುಟುಂಬ, ಕೆಲಸದ ನಂಟು ಅಲ್ಲಿ ಎಷ್ಟು ಜಾಸ್ತಿಯೋ ಅಷ್ಟು ಕಡಿಮೆ ದಿನಕ್ಕೇ ನಿವಾಸಿ ಆಗಬಹುದು.

ಒಂದು ದಿನ ಎಂದರೆ ಏನು ಎನ್ನುವುದೂ ಬೇರೆ ಬೇರೆ. ಬ್ರಿಟನ್ ಸಾಮಾನ್ಯವಾಗಿ ಮಧ್ಯರಾತ್ರಿ ಅಲ್ಲಿದ್ದಿರಾ ಎಂದು ನೋಡುತ್ತದೆ. ಅಮೆರಿಕದಲ್ಲಿ ಸ್ವಲ್ಪ ಹೊತ್ತು ಇದ್ದರೂ ಒಂದು ದಿನ. ನಾನು ಎಡವಿದ್ದು ಇಲ್ಲೇ: ರಾತ್ರಿಗಳನ್ನಷ್ಟೇ ಎಣಿಸಿದ್ದೆ, ನಾನಿದ್ದ ದೇಶ ಬಂದ ದಿನ, ಹೊರಟ ದಿನ ಎರಡನ್ನೂ ಎಣಿಸಿತು. ಆಮೇಲೆ ಹಳೆಯ ಟಿಕೆಟ್‌ಗಳನ್ನು ಹುಡುಕಿ ತಾರೀಖು ಜೋಡಿಸುವಷ್ಟರಲ್ಲಿ ಸಾಕಾಗಿ ಹೋಯಿತು. ನೀವು ಮೊದಲ ದಿನದಿಂದಲೇ ಬರೆದಿಡಿ. ತೆರಿಗೆ ವರ್ಷವನ್ನೂ ನೋಡಿ. ಅಮೆರಿಕಕ್ಕೆ ಜನವರಿಯಿಂದ, ಬ್ರಿಟನ್ನಿಗೆ ಏಪ್ರಿಲ್ 6ರಿಂದ, ಆಸ್ಟ್ರೇಲಿಯಕ್ಕೆ ಜುಲೈ 1ರಿಂದ.

ಇನ್ನು ನಿಮ್ಮ ದೇಶ. ವಿಮಾನ ಹತ್ತಿದ ಮಾತ್ರಕ್ಕೆ ಅಲ್ಲಿನ ನಿವಾಸ ಬಿಟ್ಟುಹೋಗುವುದಿಲ್ಲ. ಐದು ತಿಂಗಳಿಗೆ ಹೋದವರು ಬಹಳಷ್ಟು ಸಲ ಸ್ವಂತ ದೇಶದ ನಿವಾಸಿಯಾಗಿಯೇ ಉಳಿಯುತ್ತಾರೆ, ಹೊರಗಿನ ದುಡಿಮೆಯನ್ನೂ ಅಲ್ಲಿ ತೋರಿಸಬೇಕಾಗುತ್ತದೆ. ಎರಡೂ ದೇಶ ನಿಮ್ಮನ್ನು ನಮ್ಮವರು ಎಂದರೆ, ಅವುಗಳ ನಡುವೆ ತೆರಿಗೆ ಒಪ್ಪಂದ ಇದೆಯೇ ನೋಡಿ. ಹೆಚ್ಚಿನ ಒಪ್ಪಂದಗಳಲ್ಲಿ ಕ್ರಮ ಹೀಗಿರುತ್ತದೆ: ಕಾಯಂ ಮನೆ ಎಲ್ಲಿದೆ, ಬದುಕಿನ ಮತ್ತು ಹಣದ ನಂಟು ಎಲ್ಲಿ ಗಟ್ಟಿ, ಹೆಚ್ಚಾಗಿ ಎಲ್ಲಿರುತ್ತೀರಿ, ಆಮೇಲೆ ಯಾವ ದೇಶದ ಪ್ರಜೆ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಮುಂದಿನವು ಬೇಕಿಲ್ಲ.

ತುಂಬಾ ಜನ ಮರೆಯುವುದು ಇದನ್ನು: ನಿವಾಸಿ ಅಲ್ಲದಿದ್ದರೂ, ಆ ನೆಲದಲ್ಲಿ ಕೂತು ಮಾಡಿದ ಕೆಲಸದ ಹಣಕ್ಕೆ ಆ ದೇಶ ತೆರಿಗೆ ಕೇಳಬಹುದು. ಒಪ್ಪಂದದಲ್ಲಿ ಬರುವ 183 ದಿನದ ವಿನಾಯಿತಿ ಸಾಮಾನ್ಯವಾಗಿ ಸಂಬಳದ ನೌಕರರಿಗೆ. ಅವರಿಗೂ ದಿನ ಕಡಿಮೆ ಇದ್ದರಷ್ಟೇ ಸಾಲದು, ಸಂಬಳ ಕೊಡುವವರು ಆ ದೇಶದವರಾಗಿರಬಾರದು. ಸ್ವಂತವಾಗಿ ಬಿಲ್ ಕಳಿಸುವ ಕಾಂಟ್ರ್ಯಾಕ್ಟರ್‌ಗೆ ಬೇರೆ ಕಲಂ. ಅಲ್ಲಿ ನಿಮಗೆ ಕಾಯಂ ಆಫೀಸಿನಂಥ ಜಾಗ ಇದೆಯೇ ಎನ್ನುವುದು ಮುಖ್ಯವಾಗುತ್ತದೆ. ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಮಾದರಿ ಒಪ್ಪಂದ (ದೇಶಗಳು ತಮ್ಮ ತೆರಿಗೆ ಒಪ್ಪಂದ ಬರೆಯುವಾಗ ನೋಡುವ ಕರಡು) ಸ್ವತಂತ್ರ ವೃತ್ತಿಯ ಪ್ರತ್ಯೇಕ ಕಲಮನ್ನು 2000ದಲ್ಲಿ ಕೈಬಿಟ್ಟಿತು, ಆದರೆ ಹಳೆಯ ಒಪ್ಪಂದಗಳಲ್ಲಿ ಅದು ಇನ್ನೂ ಇದೆ. ಹಾಗಾಗಿ ನಿಮ್ಮ ಎರಡು ದೇಶಗಳ ಒಪ್ಪಂದವನ್ನೇ ತೆಗೆದು ಓದಿ.

ಸಹಿ ಹಾಕುವ ಮೊದಲೇ ತೆರಿಗೆ ಸಲಹೆಗಾರರನ್ನು ನೋಡಿ. ನೀವು ಅಲ್ಲಿನ ತೆರಿಗೆ ನಿವಾಸಿ ಎನ್ನುವ ಪ್ರಮಾಣಪತ್ರಕ್ಕೂ ನಿಮ್ಮ ದೇಶದ ತೆರಿಗೆ ಇಲಾಖೆಗೆ ಈಗಲೇ ಅರ್ಜಿ ಹಾಕಿ. ದುಡ್ಡು ಕೊಡುವವರು ತೆರಿಗೆ ಹಿಡಿದುಕೊಳ್ಳುವ ಹೊತ್ತಿಗೆ ಅದು ಕೈಯಲ್ಲಿರಬೇಕು. ಯಾವ ಎರಡು ದೇಶ, ನೌಕರರೋ ಕಾಂಟ್ರ್ಯಾಕ್ಟರೋ ಎಂದು ಕೆಳಗೆ ಬರೆದರೆ, ಯಾವ ಕಲಂ ಓದಬೇಕು ಎಂದು ಹುಡುಕಿ ಹೇಳುತ್ತೇನೆ.