ನಮ್ಮ ಸರ್ಕಾರಿ ಹೈಸ್ಕೂಲಿನ ಶಾಲಾ ಸಂಸತ್ತಿಗೆ ಹೆಚ್ಚು ಅಧಿಕಾರ ಕೊಡಿ ಎಂದು ಹೆಡ್‌ಮಾಸ್ಟರಿಗೆ ಮನವಿ ಬರೆಯುವುದು ಹೇಗೆ?

ಬರೆಯಬೇಡಿ. ನಾನೂ ಮಾಜಿ ಮುಖ್ಯಮಂತ್ರಿಯೇ, ಹಳ್ಳಿಯ ಹೈಸ್ಕೂಲಿನ ಶಾಲಾ ಸಂಸತ್ತಿನದು. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಪ್ರಮಾಣವಚನ ಎಲ್ಲಾ ಆಯಿತು. ಆಮೇಲೆ ನಮ್ಮ ಸಂಪುಟ ಮಾಡಿದ್ದೇನು? ಪ್ರಾರ್ಥನೆಗೆ ಸಾಲು ನಿಲ್ಲಿಸಿದೆವು, ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆದೆವು, ಬಿಸಿಯೂಟದ ತಟ್ಟೆ ಎಣಿಸಿದೆವು. ವಿರೋಧ ಪಕ್ಷದ ನಾಯಕನೂ ಇದ್ದ. ಪಾಪ, ವಿರೋಧಿಸಲು ಅವನಿಗೆ ಏನೂ ಸಿಗಲಿಲ್ಲ.

ನಮ್ಮ ನಿಜವಾದ ಕಷ್ಟ ಇದ್ದದ್ದು ಹುಡುಗಿಯರ ಶೌಚಾಲಯದಲ್ಲಿ. ಕಟ್ಟಡ ಇತ್ತು, ನೀರಿರಲಿಲ್ಲ. ಸಂಜೆವರೆಗೆ ಬಾಯಾರಿದರೂ ನೀರು ಕುಡಿಯದೆ ಕೂರುತ್ತಿದ್ದೆವು. ಮುಟ್ಟಾದ ದಿನಗಳಲ್ಲಿ ಮನೆಯಲ್ಲೇ ಇರುತ್ತಿದ್ದೆವು. ಹೆಡ್‌ಮಾಸ್ಟರನ್ನು ಕೇಳಿದರೆ ‘ಅನುದಾನ ಬರಲಿ ಕಣಮ್ಮಾ’ ಅನ್ನುತ್ತಿದ್ದರು. ಅವರ ಮೇಲೆ ನಮಗೆ ಸಿಟ್ಟೋ ಸಿಟ್ಟು. ಪೈಪು ಎಳೆಸಬೇಕಾದವರು ಗ್ರಾಮ ಪಂಚಾಯಿತಿಯವರು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಮಕ್ಕಳ ಗ್ರಾಮ ಸಭೆ ಬಂತು. ನಿಮ್ಮ ಊರಲ್ಲೂ ಇರುತ್ತೆ. ಪ್ರತಿ ಪಂಚಾಯಿತಿಯೂ ವರ್ಷಕ್ಕೊಮ್ಮೆ ಇದನ್ನು ನಡೆಸಬೇಕು ಎಂದು ಕರ್ನಾಟಕ ಸರ್ಕಾರ 2006ರಲ್ಲೇ ಹೇಳಿದೆ. ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರಲ್ಲೇ ಕೂತಿರುತ್ತಾರೆ. ನಾನು ಎದ್ದು ನಿಂತು ನೀರಿನ ವಿಷಯ ಹೇಳಿದೆ, ಚೆನ್ನಾಗಿಯೇ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಿಡಿಒ ‘ಆಯ್ತು ಪುಟ್ಟಿ, ಮಾಡಿಸೋಣ’ ಅಂದರು. ನಾನು ಕೂತುಬಿಟ್ಟೆ.

ತಪ್ಪಿದ್ದು ಅಲ್ಲೇ, ಆ ಕೂತಿದ್ದರಲ್ಲಿ. ಸಭೆಗೆ ಒಂದು ನಡಾವಳಿ ಪುಸ್ತಕ ಇರುತ್ತೆ. ನಾನು ಹೇಳಿದ್ದನ್ನು ಅದರಲ್ಲಿ ಬರೆದುಕೊಂಡರಾ ಎಂದು ನೋಡಲಿಲ್ಲ. ಬರೆದುಕೊಂಡಿದ್ದನ್ನು ಓದಿ ಹೇಳಿ ಅನ್ನಲಿಲ್ಲ. ಕೈಯಲ್ಲಿ ಅರ್ಜಿ ಇರಲಿಲ್ಲ. ಅರ್ಜಿ ಅಂದರೆ ಎರಡು ಪ್ರತಿ ಬೇಕು: ಒಂದು ಅವರಿಗೆ, ಇನ್ನೊಂದಕ್ಕೆ ಸೀಲು ಹಾಕಿಸಿಕೊಂಡು ನಮಗೆ. ಯಾವ ತಿಂಗಳೊಳಗೆ, ಯಾರು ಮಾಡಿಸುತ್ತಾರೆ ಅಂತಲೂ ಕೇಳಲಿಲ್ಲ. ಯಾಕೆ? ಚಪ್ಪಾಳೆ ಬಿತ್ತಲ್ಲ, ಗೆದ್ದೆ ಅಂದುಕೊಂಡೆ. ಬಿಸ್ಕತ್ತು ತಿಂದು, ಫೋಟೊ ತೆಗೆಸಿಕೊಂಡು ಮನೆಗೆ ಹೋದೆ.

ಮುಂದಿನ ವರ್ಷ ಹೋಗಿ ಕೇಳಿದರೆ ಆ ಪಿಡಿಒ ವರ್ಗವಾಗಿದ್ದರು. ಹೊಸಬರು ಪುಸ್ತಕ ತೆಗೆದು ತೋರಿಸಿದರು. ‘ಮಕ್ಕಳು ವಿವಿಧ ಬೇಡಿಕೆಗಳನ್ನು ಮಂಡಿಸಿದರು’, ಅಷ್ಟೇ. ನೀರು ಅನ್ನೋ ಪದವೇ ಇಲ್ಲ. ನನ್ನ ಹತ್ತನೇ ಕ್ಲಾಸು ಹಾಗೇ ಮುಗಿಯಿತು. ಜೊತೆಗಿದ್ದ ಇಬ್ಬರು ತಿಂಗಳು ತಿಂಗಳೂ ರಜೆ ಹಾಕಿ ಗಣಿತದಲ್ಲಿ ಫೇಲಾದರು. ಪೈಪು ಬಂದದ್ದು ನನ್ನ ತಂಗಿಯ ಕಾಲಕ್ಕೆ. ಅವಳಿಂದ ನಾನೇ ಅರ್ಜಿ ಬರೆಸಿದ್ದೆ, ಸೀಲು ಬೀಳುವವರೆಗೆ ಕದಲಬೇಡ ಎಂದು ಹೇಳಿ ಕಳಿಸಿದ್ದೆ.

ಈಗ ನಿಮ್ಮ ‘ಹೆಚ್ಚು ಅಧಿಕಾರ’ದ ಮಾತು. ಮಕ್ಕಳ ಅಭಿಪ್ರಾಯ ಕೇಳಬೇಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲೇ ಅದನ್ನು ಒಪ್ಪಿದೆ. ಇದನ್ನೆಲ್ಲ ಬರೆದುಕೊಟ್ಟರೆ ಯಾರೂ ಇಲ್ಲ ಅನ್ನಲ್ಲ, ತಲೆಯಾಡಿಸಿ ಕಳಿಸುತ್ತಾರೆ. ಅದೇ 2021ರ ಕೊನೆಗೆ ಬಿಸಿಯೂಟದ ಮೊಟ್ಟೆಗೆ ಮಠಾಧೀಶರಿಂದ ವಿರೋಧ ಬಂದಾಗ ಕೊಪ್ಪಳ ಜಿಲ್ಲೆಯ ಶಾಲಾ ಹುಡುಗಿಯರು ನಮಗೆ ಮೊಟ್ಟೆ ಬೇಕೇ ಬೇಕು ಅಂದದ್ದನ್ನು ಇಡೀ ರಾಜ್ಯ ಕೇಳಿಸಿಕೊಂಡಿತು. ಅಂಥ ಒಂದು ವಸ್ತು ಹಿಡಿಯಿರಿ. ನಲ್ಲಿ, ಬಲ್ಬು, ಬಸ್ಸಿನ ಸಮಯ, ಏನಾದರೂ ಸರಿ. ಅದಕ್ಕೆ ದುಡ್ಡು ಯಾರ ಹತ್ತಿರ ಇದೆ ಎಂದು ಮೊದಲು ಪತ್ತೆ ಮಾಡಿ.

ಹೆಡ್‌ಮಾಸ್ಟರ ಹತ್ತಿರ ಹೋಗಲೇಬೇಕು ಅನಿಸಿದರೆ, ಪಂಚಾಯಿತಿಗೆ ಬರೆದ ಅರ್ಜಿಗೆ ಅವರ ಸಹಿಯನ್ನೂ ಕೇಳಿ. ತಂಗಿ ಹೋಗಿ ಕೇಳಿದಾಗ ನಮ್ಮವರು ಎರಡೂ ಪ್ರತಿಗೆ ಹಾಕಿಕೊಟ್ಟರು.