ವಾರಕ್ಕೆ ಮೂರು ಉಪವಾಸ, ಯಾರಿಗೂ ಹೇಳದ ಕಾರಣ

ಪ್ರಶ್ನೆ: ನನಗೆ 27 ವರ್ಷ. ತವರು ಮಂಡ್ಯ, ಮದುವೆಯಾಗಿ ಮೈಸೂರಿಗೆ ಬಂದು ಮೂರು ವರ್ಷ. ಪಿಯುಸಿಯಲ್ಲಿ ‘ದಪ್ಪಿ’ ಅನ್ನಿಸಿಕೊಂಡ ಮೇಲೆ ಊಟ ಬಿಡುವುದನ್ನು ಕಲಿತೆ. ಈಗ ಸೋಮವಾರ, ಗುರುವಾರ, ಶನಿವಾರ ವ್ರತ ಅಂತ ಹೇಳಿ ಉಪವಾಸ ಇರುತ್ತೇನೆ. ಮಿಕ್ಕ ದಿನ ಜಾಸ್ತಿ ತಿಂದೆ ಅನ್ನಿಸಿದರೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತೇನೆ. ಎಂಟು ತಿಂಗಳಿಂದ ತಾನಾಗಿ ಮುಟ್ಟಾಗಿಲ್ಲ, ಡಾಕ್ಟರ ಮಾತ್ರೆ ನುಂಗಿದರೆ ಮಾತ್ರ ಆಗುತ್ತದೆ. ಮಗುವಿಗಾಗಿ ಅತ್ತೆ ಹರಕೆ ಹೊತ್ತಿದ್ದಾರೆ. ಊಟದ ವಿಷಯ ಡಾಕ್ಟರಿಗೂ ಗಂಡನಿಗೂ ಗೊತ್ತಿಲ್ಲ. ‘ನೀನೇ ಮಾಡಿಕೊಂಡದ್ದು’ ಅಂದುಬಿಟ್ಟರೆ? ಹೇಳಲೇಬೇಕಾ?

ಉತ್ತರ: ಹೇಳಿ ತಂಗಿ. ಮೊದಲು ಡಾಕ್ಟರಿಗೆ, ಆಮೇಲೆ ಗಂಡನಿಗೆ. ನೀವು ಬರೆದಿದ್ದ ತೂಕವನ್ನು ನಾನು ಇಲ್ಲಿ ಹಾಕಿಲ್ಲ. ಇದೇ ಕಷ್ಟದಲ್ಲಿರುವ ಇನ್ನೊಬ್ಬ ಹುಡುಗಿ ಆ ಅಂಕಿಯನ್ನೇ ಗುರಿ ಮಾಡಿಕೊಳ್ಳುವುದು ಬೇಡ.

ನೀವು ಮಂಡ್ಯದವರು, ನಿಮಗೆ ಗೊತ್ತು. ಕನ್ನಂಬಾಡಿಯಲ್ಲಿ ನೀರು ತಳ ಕಂಡ ವರ್ಷ ನಾಲೆಗೆ ಬಿಡದೆ ಕುಡಿಯುವುದಕ್ಕೆ ಉಳಿಸಿಕೊಳ್ಳುತ್ತಾರೆ, ನಾಟಿ ನಿಂತುಹೋಗುತ್ತದೆ. ಗದ್ದೆಯನ್ನು ಯಾರೂ ಬೈಯುವುದಿಲ್ಲ. ನಿಮ್ಮ ಮೈಯೂ ಅದನ್ನೇ ಮಾಡಿರುವಂತಿದೆ. ಊಟ ಸಾಲದಾದಾಗ ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನು ಇಳಿಯುತ್ತದೆ. ಬಸಿರು ಹೊರುವಷ್ಟು ಶಕ್ತಿ ಇಲ್ಲ ಎಂಬ ಸುದ್ದಿ ಮಿದುಳಿನ ಹೈಪೋಥಲಾಮಸ್‌ಗೆ ಮುಟ್ಟುತ್ತದೆ. ಅಲ್ಲಿಂದ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಹೋಗಬೇಕಾದ ಸೂಚನೆ ಕ್ಷೀಣಿಸಿ, ಅಂಡಾಶಯದಲ್ಲಿ ಅಂಡ ಬಲಿಯುವುದು ನಿಲ್ಲುತ್ತದೆ. ಹೃದಯ, ಮಿದುಳನ್ನು ಮೊದಲು ಉಳಿಸಿಕೊಳ್ಳುವ ದಾರಿ ಅದು. ತೂಕ ಸರಿಯಾಗಿದ್ದವರಿಗೂ ಉಪವಾಸ, ವಾಂತಿಯಿಂದ ಮುಟ್ಟು ತಪ್ಪುವುದುಂಟು.

ಮಾತ್ರೆ ನುಂಗಿದಾಗ ಆಗುವ ಸ್ರಾವ ಮಾತ್ರೆಯಿಂದ ಆದದ್ದು. ಅಂಡ ಬಿಡುಗಡೆಯಾಗಿದೆ ಎಂದು ಅದರ ಅರ್ಥವಲ್ಲ. ನನ್ನ ಆತಂಕ ಇರುವುದೂ ಇಲ್ಲೇ. ಕಾರಣ ಗೊತ್ತಿಲ್ಲದ ಡಾಕ್ಟರು ಮುಂದೆ ಅಂಡ ಬಲಿಯುವ ಇಂಜೆಕ್ಷನ್ ಬರೆಯಬಹುದು, ಬಸಿರೂ ನಿಲ್ಲಬಹುದು. ಆದರೆ ಸೊರಗಿದ ಮೈಯಲ್ಲಿ ನಿಂತ ಬಸಿರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗು ಕಡಿಮೆ ತೂಕದ್ದಾಗುವ ಅಪಾಯ ಹೆಚ್ಚು. ಆದ್ದರಿಂದ ಊಟದ ಚಿಕಿತ್ಸೆ ಮೊದಲು, ಮಗುವಿನ ಚಿಕಿತ್ಸೆ ಆಮೇಲೆ. ಈ ಕ್ರಮ ತಿರುವುಮುರುವಾಗಬಾರದು. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಇಳಿದರೆ ಮೂಳೆಯೂ ಸವೆಯುತ್ತದೆ, ಅದನ್ನೂ ನೋಡಿಸಿ. ವಾಂತಿಯಿಂದ ಪೊಟ್ಯಾಸಿಯಂ ಇಳಿದು ಎದೆ ಬಡಿತ ತಪ್ಪಬಹುದು. ತಲೆ ಸುತ್ತಿದರೆ, ಎದೆ ಡವಗುಟ್ಟಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಇದನ್ನು ಓದಿ ಒಂದೇ ಸಲಕ್ಕೆ ಹೊಟ್ಟೆ ತುಂಬಿಸಿಕೊಳ್ಳಲೂ ಹೋಗಬೇಡಿ. ಬಹಳ ಸೊರಗಿದವರು ಡಾಕ್ಟರ ಕಣ್ಗಾವಲಿನಲ್ಲಿ ಹಂತಹಂತವಾಗಿಯೇ ಊಟ ಹೆಚ್ಚಿಸಬೇಕು.

ಊಟ ಸರಿಹೋದರೆ ಬಹಳಷ್ಟು ಹೆಣ್ಣುಮಕ್ಕಳಿಗೆ ಮುಟ್ಟು ಮರಳುತ್ತದೆ, ಮಕ್ಕಳೂ ಆಗುತ್ತಾರೆ. ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಮುಟ್ಟಿಗಿಂತ ಮೊದಲೇ ಅಂಡ ಬಿಡುಗಡೆಯಾಗುವುದರಿಂದ ಮುಟ್ಟಾಗದೆಯೂ ಬಸಿರು ನಿಲ್ಲಬಹುದು ಎಂಬುದು ನೆನಪಿರಲಿ.

ಈ ತೊಂದರೆ ಹೊಟ್ಟೆಯಲ್ಲಿ ಮಾತ್ರ ಇಲ್ಲ. ಹತ್ತು ವರ್ಷದ ಹಿಂದಿನ ಆ ‘ದಪ್ಪಿ’ ಇನ್ನೂ ಕಿವಿಯಲ್ಲಿದೆ. ಅದಕ್ಕೆ ಮನೋವೈದ್ಯರು ಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೆಯಿಂದ ಹೊರಡಲು ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗಂಡನಿಗೆ ಊಟದ ಹೊತ್ತಲ್ಲಿ, ಅತ್ತೆ ಎದುರಿಗೆ ಹೇಳಬೇಡಿ. ಇಬ್ಬರೇ ಇರುವಾಗ, ‘ರೀ, ನನಗೆ ಊಟದ ಕಾಯಿಲೆ ಇದೆ, ಡಾಕ್ಟರ ಹತ್ತಿರ ಜೊತೆಗೆ ಬನ್ನಿ’ ಅನ್ನಿ, ಸಾಕು. ಅತ್ತೆಗೆ ಈಗಲೇ ಎಲ್ಲ ಬಿಡಿಸಿ ಹೇಳಬೇಕಾಗಿಲ್ಲ. ವ್ರತ ನಿಲ್ಲಿಸಿ ಅಂತ ಡಾಕ್ಟರ ಬಾಯಲ್ಲೇ ಹೇಳಿಸಿ. ಮೊಮ್ಮಗುವಿಗೆ ಕಾದಿರುವವರು ಆ ಮಾತಿಗೆ ಅಡ್ಡ ಬರಲಾರರು.

ಡಾಕ್ಟರ ಮುಂದೆ ಬಾಯಿ ಕಟ್ಟಿದರೆ ಒಂದು ಚೀಟಿಯಲ್ಲಿ ಹೀಗೆ ಬರೆದು ಕೊಡಿ: ‘ವಾರಕ್ಕೆ ಮೂರು ದಿನ ಊಟ ಮಾಡುವುದಿಲ್ಲ. ತಿಂದದ್ದನ್ನು ವಾಂತಿ ಮಾಡುತ್ತೇನೆ. ಪಿಯುಸಿಯಿಂದ ಹೀಗೇ ಇದೆ.’